ನಾಲ್ಕನೆಯವಳ ಲೆಕ್ಕ

ವೇತಾಳ ಟೇಕಡಿಯ ಮೇಲೆ ಬೆಳಗಿನ ಆರೂವರೆ.
ರಾತ್ರಿಯ ಮಳೆ ಇನ್ನೂ ಗೊಬ್ಬರದ ಗಿಡಗಳಿಂದ ತೊಟ್ಟಿಕ್ಕುತ್ತಿದೆ.
ಕಲ್ಲುಗಣಿಯಾಚೆ ನವಿಲೊಂದು ಯಾರನ್ನೋ ಬೈಯುತ್ತಿದೆ.
ಎದೆಯ ಮೇಲೆ ನೂರಾ ಹದಿನೆಂಟು,
ನಾಲ್ಕು ಪಿನ್ನು ಬೇಕಾದಲ್ಲಿ ಮೂರು.

ಓಡುವವರು ಆರು ಜನ, ಲೆಕ್ಕಕ್ಕೆ ನಾಲ್ವರು.
ಬಂದ ನಂಬರುಗಳನ್ನು ಕೂಡಿಸುತ್ತಾರೆ,
ಮೊತ್ತ ಕಡಿಮೆ ಇದ್ದವರು ಗೆದ್ದರು.
ತಬಸ್ಸುಮ್ ಮುಂದೆ ಓಡುವವಳು, ಪೇಪರಿನಲ್ಲಿ ಬರುವವಳು.
ನಾನು ನಾಲ್ಕನೆಯವಳು.
ನಾಲ್ಕನೆಯವಳ ಫೋಟೋ ಯಾರೂ ತೆಗೆಯುವುದಿಲ್ಲ,
ಆದರೆ ಅವಳು ಬರುವ ತನಕ
ಯಾರಿಗೂ ಚಹಾ ಇಳಿಯುವುದಿಲ್ಲ.

ಫಡತರೆ ಸರ್ ನಿನ್ನೆ ಸಂಜೆ ದಾರಿಯುದ್ದಕ್ಕೂ ನಡೆಸಿದರು,
ಓಡಗೊಡಲಿಲ್ಲ.
“ಈ ಬೇವಿನ ಹತ್ತಿರ ತಿರುವು. ದಾಟುವುದಿದ್ದರೆ ಇಲ್ಲಿ ದಾಟು,
ತಿರುವು ಮುಗಿಸಿ ಅವಳು ತಲೆ ಎತ್ತುವಾಗ
ನೀನು ದೂರದ ಬೆನ್ನಾಗಿರಬೇಕು.
ದಾಟುವಾಗ ಬಾಯಿ ಮುಚ್ಚು. ಹತ್ತು ಹೆಜ್ಜೆ, ಮೂಗಿನಲ್ಲೇ.
ನಿನ್ನ ಏದುಸಿರು ಅವಳ ಕಿವಿಗೆ ಬಿದ್ದರೆ
ಅದೇ ಅವಳಿಗೆ ಗ್ಲೂಕೋಸು.”
ಹೇಳಿದ್ದೆಲ್ಲ ಮರಾಠಿಯಲ್ಲಿ. ಕೊನೆಗೊಂದು ಮಾತು,
ಅವರದೂ ಹೌದು, ನನ್ನದೂ ಹೌದು:
ಸಾವಕಾಶ.

ಪಿಸ್ತೂಲು ಢಂ ಎಂದಿತು.
ಸ್ವಾರಗೇಟಿನ ಕಡೇ ಬಸ್ಸು ಹೊರಟಂತೆ ಎಲ್ಲರೂ ನುಗ್ಗಿದರು.
ನುಗ್ಗಲಿ.
ಏರು ಬಂದಾಗ ಅವರೇ ಇಳಿಯುತ್ತಾರೆ.
ಮೊದಲ ಸುತ್ತಿಗೆ ನಾನು ಹದಿನಾಲ್ಕು.

ಎರಡನೇ ಸುತ್ತು, ಗಣಿಯ ಇಳಿಜಾರು.
ಎರೆಮಣ್ಣು ಎಡಗಾಲಿನ ಬೂಟು ಕೇಳಿತು, ಕೊಟ್ಟೆ.
ಕಾಲುಚೀಲದಲ್ಲೇ ಮೂರು ಹೆಜ್ಜೆ ಓಡಿದೆ, ಹುಚ್ಚಿ.
ನಾಲ್ಕನೆಯದಕ್ಕೆ ಚೂಪುಗಲ್ಲು.
ತಿರುಗಿ ಬಂದೆ. ಮೊಣಕೈವರೆಗೆ ಕೈ ಇಟ್ಟು ಎಳೆದೆ.
ಕೆಸರಿನಿಂದ ಎಮ್ಮೆ ಕಾಲು ಕಿತ್ತಾಗಿನ ಸಪ್ಪಳ.
ಕುಳಿತೆ. ಹೌದು, ರೇಸಿನ ನಡುವೆ, ಕುಂಡಿ ಊರಿ ಕುಳಿತೆ.
ಬೆರಳು ನಡುಗಿದರೂ ಎರಡು ಗಂಟು.
ಒಂದಲ್ಲ, ಎರಡು.
ಪಕ್ಕದಲ್ಲಿ ಹಾದು ಹೋದವರನ್ನು ಎಣಿಸಿದೆ,
ಅಳುವುದಕ್ಕಿಂತ ಎಣಿಸುವುದು ಸುಲಭ.
ಹನ್ನೊಂದು.

ದಾಪೋಡಿಯ ನಮ್ಮ ಓಣಿಯಲ್ಲಿ ಅವ್ವ ಭಿಶಿ ತುಂಬುತ್ತಾಳೆ,
ವಾರಕ್ಕೆ ಇನ್ನೂರು.
ಕಳಕೊಂಡದ್ದನ್ನು ಒಂದೇ ಏಟಿಗೆ ಎತ್ತಲು ಹೋದವರು
ಊರು ಬಿಟ್ಟದ್ದನ್ನು ನಾನು ಕಂಡಿದ್ದೇನೆ.
ನಾನೂ ವಾರದ ಲೆಕ್ಕ ಹಿಡಿದೆ.
ಏರಿನಲ್ಲಿ ಇಬ್ಬರು.
ಟವರಿನ ಬಳಿ ಪಕ್ಕೆ ಹಿಡಿದು ನಿಂತವಳೊಬ್ಬಳು,
ಅವಳನ್ನು ದಾಟಿದ್ದು ದಾಟಿದ್ದೇ ಅಲ್ಲ, ಆದರೂ ಲೆಕ್ಕಕ್ಕೆ ಬಂತು.
ಮೇಲಿನ ಬಯಲಲ್ಲಿ ನಾಲ್ವರು, ಗುಂಪಾಗಿ,
ಒಬ್ಬರ ಮೇಲೊಬ್ಬರು ಭಾರ ಹಾಕಿ ಓಡುತ್ತಿದ್ದರು.
ಎದೆಯ ನಂಬರು ಒಂದು ಮೂಲೆ ಕಿತ್ತು
ಪಟಪಟ ಬಡಿದುಕೊಳ್ಳುತ್ತಿತ್ತು. ಬಡಿಯಲಿ.

ಇನ್ನು ಕೊಲ್ಹಾಪುರದವಳು.
ಕೆಂಪು ರಿಬ್ಬನ್ನಿನ ಎರಡು ಜಡೆ, ಗಟ್ಟಿ ಮೀನಖಂಡ.
ಬೇವಿನ ತನಕ ಅವಳ ನೆರಳಿನಲ್ಲೇ ಇದ್ದೆ.
ಪುಪ್ಪುಸ ಒಲೆಯ ಮೇಲಿನ ಕುಕ್ಕರು,
ಸೀಟಿಯೊಂದು ಗಂಟಲಲ್ಲೇ ನಿಂತಿತ್ತು.
ಬಾಯಿ ಮುಚ್ಚಿದೆ.
ತಿರುವು.
ಹತ್ತು ಹೆಜ್ಜೆ.
ಹನ್ನೆರಡನ್ನೂ ಹಾಕಿದೆ, ನಂಬಿಕೆ ಸಾಲದೆ.

ಎರಡು, ಆರು, ಒಂಬತ್ತು, ಹದಿನೇಳು: ಮೂವತ್ನಾಲ್ಕು.
ಒಂದು, ನಾಲ್ಕು, ಹನ್ನೊಂದು, ಹದಿನೆಂಟು: ಮೂವತ್ನಾಲ್ಕು.
ತೊಯ್ದ ಕಾಗದದ ಮೇಲೆ ಪೆನ್ನು ಮೂಡದೆ
ಸಾಹೇಬರು ಮೂರು ಸಲ ಕೂಡಿಸಿದರು.
ಸಮ ಬಂದರೆ ನಾಲ್ಕನೆಯವರನ್ನು ನೋಡಬೇಕಂತೆ.
ಆಗ ಎಲ್ಲರೂ ನನ್ನತ್ತ ತಿರುಗಿದರು.
ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ,
ಕೆಸರು ಮೆತ್ತಿದ ಕೈಯನ್ನು ಹಿಂದೆ ಬಚ್ಚಿಟ್ಟೆ.

ಮನೆಯಲ್ಲಿ ಅವ್ವ ಕೇಳಿಯೇ ಕೇಳುತ್ತಾಳೆ: “ಎಷ್ಟನೇದು?”
“ಹದಿನೇಳು.”
“ಇರ್ಲಿ ಬಿಡವಾ, ಉಣ್ಣು.”
ಅವಳಿಗೆ ಹೇಗೆ ಬಿಡಿಸಿ ಹೇಳಲಿ ಎಂದುಕೊಳ್ಳುತ್ತ
ನಳದ ಹತ್ತಿರ ಹೋದೆ.

ಅಲ್ಲಿ ಅವಳಿದ್ದಳು, ಜಡೆ ಬಿಚ್ಚಿ ಕಾಲು ತೊಳೆಯುತ್ತ.
“ನೀ ಬಂದದ್ದು ಕೇಳಿಸಲೇ ಇಲ್ಲ,” ಅಂದಳು,
“ದಣಿವೇ ಆಗಲ್ವಾ ನಿನಗೆ?”

ನಳ ತಿರುವಿದೆ.
ಆಮೇಲೆ ಕಲ್ಲಿಗೊರಗಿ ಕೆಮ್ಮಿದೆ,
ಬೇವಿನಿಂದೀಚೆ ಹಿಡಿದಿಟ್ಟದ್ದನ್ನೆಲ್ಲ,
ಕಣ್ಣಲ್ಲಿ ನೀರು ಬರುವ ತನಕ.
ಅವಳು ಬೆನ್ನು ಸವರಿದಳು.