ಒತ್ತು

ಫೆಬ್ರುವರಿ ಬಂತೆಂದರೆ ಕಾಲೇಜು ಕ್ರೀಡಾ ಸಂಘದ ಕಾರ್ಯದರ್ಶಿ
ಸ್ಕೂಟರ್ ಆರಿಸದೆಯೇ ನನ್ನ ಅಂಗಡಿ ಮುಂದೆ ನಿಂತು
ಚೀಟಿ ಚಾಚುತ್ತಾರೆ.
ಕಾರವಾರದ ಈ ಬೀದಿಯಲ್ಲಿ ಉಳಿ ಹಿಡಿದು ಹೆಸರು ಕೊರೆಯುವವನು
ನಾನೊಬ್ಬನೇ. ಮಿಕ್ಕವರದು ಸ್ಟಿಕ್ಕರು.

ಅಕ್ಷರಕ್ಕೆ ಆರು ರೂಪಾಯಿ, ಒತ್ತಿಗೆ ಎರಡು ಬೇರೆ ಎಂದರೆ
ವರ್ಷವೂ ಅದೇ ಉತ್ತರ:
"ಒತ್ತೆಂದರೆ ಮಡಿಲ ಕೂಸು ಮಾರಾಯರೆ,
ಬಸ್ಸಿನಲ್ಲಿ ಅದಕ್ಕೆಂಥ ಟಿಕೆಟ್ಟು?"

ಹತ್ತೊಂಬತ್ತು ವರ್ಷದಿಂದ ಕೊರೆದಿದ್ದೇನೆ:
ಹಳಿಯಾಳದ ಮಾಸ್ತರು ಮೂರು ಸಲ,
ಮಿಲ್ಲಿನ ಸೈರನ್ನಿಗೆ ಹುಡುಗರನ್ನು ಎಬ್ಬಿಸಿ ಓಡಿಸುತ್ತಿದ್ದ ದಾಂಡೇಲಿಯವರು,
ಕುಮಟೆಯಲ್ಲಿ ಕೊಯ್ದ ಗದ್ದೆಯಲ್ಲೇ ಗೋಲುಕಂಬ ನೆಟ್ಟ
ಆ ಸಣಕಲು ಲೆಕ್ಚರರು.
ಈ ಹೆಸರು ಮಾತ್ರ ಬಂದಿರಲಿಲ್ಲ.
ಬರದಿದ್ದರೇ ಒಳ್ಳೆಯದೆಂದೂ ಅನ್ನಿಸಿತ್ತು, ಸುಳ್ಳೇಕೆ.

ವರ್ಷದ ಉತ್ತಮ ಫುಟ್‌ಬಾಲ್ ತರಬೇತುದಾರ
ಪುಂಡಲೀಕ ಉಳ್ವೇಕರ.

ಹೆಸರಿಗೆ ಎಂಟು ಅಕ್ಷರ. ಒಂದು ಒತ್ತು.

ಮಾಲಾದೇವಿ ಮೈದಾನ, ತೊಂಬತ್ತಮೂರರ ಫೈನಲ್.
ನಾನು ರೈಟ್ ಹಾಫ್. ಅವರು ಗೆರೆಯ ಆಚೆ
ಪ್ಯಾಂಟನ್ನು ಮೊಣಕಾಲಿಗೆ ಮಡಚಿ
ಸೀಟಿ ಕಚ್ಚಿಕೊಂಡೇ ಕೂಗುತ್ತಿದ್ದರು:
ಒತ್ತು! ಒತ್ತು ರೇ!
ಚೆಂಡು ಅವನ ಕಾಲಿಗೆ ಸೇರುವ ಮೊದಲೇ ಒತ್ತು!

ಎಪ್ಪತ್ತು ನಿಮಿಷ ಒತ್ತಿದೆ.
ಆಮೇಲೆ ಒಂದೇ ಒಂದು ಉಸಿರಿಗಾಗಿ ನಿಂತೆ,
ಸೊಂಟದ ಮೇಲೆ ಕೈಯಿಟ್ಟು.
ಆ ಉಸಿರಿನಲ್ಲೇ ಹಳಿಯಾಳದ ಉದ್ದ ಕಾಲಿನ ಹುಡುಗ
ನನ್ನನ್ನೂ ಗೋಲಿಯನ್ನೂ ದಾಟಿಹೋದ.
ಹೊರಗೆ ಕರೆದರು. ಬೈಯಲಿಲ್ಲ.
"ಒತ್ತು ಬಿಟ್ಟೆಯಲ್ಲ" ಎಂದರು, ಅಷ್ಟೇ.
ನೀರಿನ ಬಾಟಲಿಯನ್ನು ಒಳಗೆ ಹೋಗುವವನಿಗೆ ಕೊಟ್ಟರು.
ಬೈದಿದ್ದರೆ ಮರೆಯುತ್ತಿದ್ದೆನೇನೋ.

ಉಳಿ ಳಕಾರಕ್ಕೆ ಬಂತು. ದೀರ್ಘ ಎಳೆದೆ.
ಕೆಳಗೆ ಸಣ್ಣ ಜಾಗವಿತ್ತು.
ಬಿಟ್ಟು ಮುಂದಕ್ಕೆ ಹೋದೆ. ಉಳ್ವೇಕರರು ಉಳೇಕರರಾದರು.
ದುಡ್ಡಿಲ್ಲದ ಒತ್ತು, ಎಂದುಕೊಂಡೆ.
(ಉತ್ತಮದ ಒತ್ತಿಗೂ ಯಾರೂ ದುಡ್ಡು ಕೊಟ್ಟಿರಲಿಲ್ಲ;
ಅದನ್ನು ಚಂದವಾಗಿಯೇ ಕೊರೆದಿದ್ದೆ.)

ರಂಗಮಂದಿರದಲ್ಲಿ ಶಾಲು, ಹಣ್ಣಿನ ಬುಟ್ಟಿ, ಕೆಟ್ಟ ಮೈಕು.
ನಿರೂಪಕಿ ಚೀಟಿ ನೋಡಿ ಹೆಸರು ಓದಿದಳು;
ಫಲಕವನ್ನು ಓದಿದವರಿಲ್ಲ.
ಹಿಂದಿನ ಸಾಲಿನಲ್ಲಿ ನಾನೂ ಚಪ್ಪಾಳೆ ತಟ್ಟಿದೆ, ಜೋರಾಗಿಯೇ.

ಮೂರನೆಯ ದಿನ ಮೆಟ್ಟಿಲು ಹತ್ತಿ ಬಂದರು,
ಟ್ರೋಫಿಯನ್ನು ಮೀನಿನ ಚೀಲದಲ್ಲಿ ಹಾಕಿಕೊಂಡು.
ಕನ್ನಡಕ ಏರಿಸಿ, ಹಿತ್ತಾಳೆಯ ಮೇಲೆ ಬೆರಳಿಟ್ಟು
ಒಂದು ನಗು. ಹೇಗೆ ಹೇಳಲಿ,
ಸೀಟಿ ಕಚ್ಚಿಕೊಂಡ ಬಾಯಿಯ ನಗು.
"ಒತ್ತು ಬಿಟ್ಟೆಯಲ್ಲ ರೇ, ರೋಯ್ದಾಸ."

ಮೂವತ್ತೊಂದು ವರ್ಷ. ಹೆಸರು ನೆನಪಿತ್ತು.
"ಜಾಗ ಸಾಲಲಿಲ್ಲ ಸರ್" ಎಂದೆ.
"ಜಾಗ ಯಾವತ್ತು ಸಾಲುತ್ತದೆ? ಮಾಡಿಕೊಳ್ಳಬೇಕು."

ಸ್ಟೂಲ್ ಎಳೆದು ಕುಳಿತರು. ಹೊರಗೆ ಇಬ್ಬರು ಹುಡುಗರು
ಬೈಕಿನ ಮೇಲೆ, ಬಲೆ ತುಂಬ ಚೆಂಡು ಹಿಡಿದು,
ಹಾರ್ನ್ ಒತ್ತುತ್ತಲೇ ಇದ್ದರು.
ಮೈದಾನದಲ್ಲಿ ವಸ್ತುಪ್ರದರ್ಶನದ ತಗಡು ಬಿದ್ದಿದೆ,
ಅಭ್ಯಾಸ ಕಡಲತಡಿಯಲ್ಲಿ, ಇಳಿತ ಐದಕ್ಕೆ.
ಎದ್ದರು. "ಮಾಡಿಡು. ನಾಳೆ ಒಯ್ಯುತ್ತೇನೆ."
ಗೋಡೆಯ ದರಪಟ್ಟಿ ಓದಿ
ಎರಡು ರೂಪಾಯಿಯ ನಾಣ್ಯವನ್ನು ಗಾಜಿನ ಮೇಲಿಟ್ಟರು.

ಅಂದೇ ರಾತ್ರಿ ಕೊರೆದೆ, ಉಸಿರು ಹಿಡಿದು.
ಸ್ವಲ್ಪ ದೊಡ್ಡದೇ ಆಯಿತು, ಕೆಳಗಿನ ಇಸವಿಗೆ ತಾಗುವಷ್ಟು.

ಹನ್ನೊಂದು ದಿನವಾಯಿತು. ಬಂದಿಲ್ಲ.
ರಿಪೇರಿಗೆ ಬಂದ ಗಡಿಯಾರಗಳ ಪಕ್ಕ ಟ್ರೋಫಿ ಕುಳಿತಿದೆ,
ಗಿರಾಕಿಗಳು ಯಾರದೆಂದು ಕೇಳುತ್ತಾರೆ.
ನಾಣ್ಯ ಇನ್ನೂ ಗಾಜಿನ ಮೇಲೆಯೇ.
ಸಂಜೆ ಶಟರ್ ಅರ್ಧಕ್ಕೆಳೆದು ನಿಂತಾಗ,
ಗಾಳಿ ಪಡುವಣದ್ದಾದರೆ, ಇಲ್ಲಿಯವರೆಗೂ ಕೇಳುತ್ತದೆ
ಒಂದು ಸೀಟಿ, ಅದರ ಹಿಂದೆ ಒಂದೇ ಶಬ್ದ.
ಸೊಂಟದ ಮೇಲಿದ್ದ ಕೈ
ತಾನಾಗಿ ಕೆಳಗಿಳಿಯುತ್ತದೆ.