ಬೈತಖೋಲದ ಐಸ್ ಫ್ಯಾಕ್ಟರಿ

ವೈನಿ ಎಡಗಡೆ ಬರೆದಳು, ನಾನು ಬಲಗಡೆ.
ಒಂದೇ ಹಾಳೆ, ಹಳೆಯ ಐಸ್ ಬಿಲ್ಲಿನ ಹಿಂಬದಿ.
ಎಡಕ್ಕೆ ಮಾರುವ ಲೆಕ್ಕ:
ದಲಾಲಿ ಪೆಡ್ನೇಕರ್ ಹೇಳಿದ ದರ, ಹದಿನಾಲ್ಕು ಗುಂಟೆ,
ಅವಳ ಪಾಲು, ನನ್ನ ಪಾಲು, ಬ್ಯಾಂಕಿನಲ್ಲಿಟ್ಟರೆ ಬಡ್ಡಿ.
ಬಲಕ್ಕೆ ಬಾಡಿಗೆ ಲೆಕ್ಕ:
ಎಂಟು ಮನೆ, ನೇವಿಯ ಗುತ್ತಿಗೆಯವರು, ಕೈಗಾದವರು,
ಮುಂಗಡ, ಸಾಲದ ಕಂತು,
ಎರಡು ತಿಂಗಳು ಖಾಲಿ ಬಿದ್ದರೆ ಎಷ್ಟು ನಷ್ಟ.
ಎರಡೂ ಕಡೆ ಮೊತ್ತ ಚೆನ್ನಾಗಿಯೇ ಬಂತು.
ಅದೇ ತೊಂದರೆ.

ಈ ಕಟ್ಟಡದಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ.
ಅಳೋಣವೆಂದರೂ ನೆಪವಿಲ್ಲ.
ಅಮೋನಿಯಾದ ಘಾಟು, ತುಕ್ಕು ತಿಂದ ಡಬ್ಬಿಗಳು,
ರಾತ್ರಿ ಮೂರಕ್ಕೆ ಕ್ರಶರ್ ಹಲ್ಲು ಕಡಿಯುವ ಸದ್ದು.
ಬಂಗಡೆ ಬಂದ ವರ್ಷ ಅಪ್ಪ ನಗುತ್ತಿದ್ದ,
ಬಾರದ ವರ್ಷ ನಮಗೆ ಪುಕ್ಕಟೆ ಐಸ್ ಕ್ಯಾಂಡಿ.
ಇಷ್ಟೇ.

ಇಂಜಿನಿಯರ್ ಗಾಂವ್ಕರ್ ಗೋಡೆಯ ತಾಕತ್ತು ನೋಡಲು
ಒಂದು ತೂತು ಹೊಡೆಸಿದ.
ಒಳಗಿಂದ ಉಮಿ ಸುರಿಯತೊಡಗಿತು.
ಭತ್ತದ ಉಮಿ, ಐವತ್ತೆರಡು ವರ್ಷದ್ದು,
ಗರಿಗರಿ ಒಣಗಿದ್ದು, ಇನ್ನೂ ಹಳದಿ.
ತಂಪು ತಪ್ಪಿಸಿಕೊಂಡು ಹೋಗದಂತೆ
ಎರಡು ಗೋಡೆಗಳ ನಡುವೆ ಅಪ್ಪ ಜಡಿಸಿ ತುಂಬಿಸಿದ್ದು.
ಸಂಜೆವರೆಗೆ ಸುರಿಯಿತು. ಮರುದಿನ ಬೆಳಿಗ್ಗೆಯೂ.
ಶೇವಂತಿ ಹರಿಕಂತ್ರ ಮೀನಿನ ಬುಟ್ಟಿಯಲ್ಲೇ ತುಂಬಿಕೊಂಡು ಹೋದಳು,
ಪಾತ್ರೆ ತಿಕ್ಕಲಿಕ್ಕೆ, ಸುಟ್ಟು ಹಲ್ಲುಪುಡಿ ಮಾಡಲಿಕ್ಕೆ.
‘ಗೋಡೆ ಹೊಟ್ಟೆತುಂಬ ಉಂಡಿತ್ತಲ್ಲೇ’ ಎಂದಳು.
ಗಾಂವ್ಕರ್ ಬರೆದುಕೊಂಡ: ಗೋಡೆ ಪೊಳ್ಳು. ಕೆಡವಬೇಕು.

ಪೆಡ್ನೇಕರ್ ಕರಕೊಂಡು ಬಂದ ಗಿರಾಕಿ
ಬಿಳಿ ಬೂಟು ಹಾಕಿದ್ದ. ಒಳ್ಳೆಯವನೇ, ಚಹಾ ಪೂರ್ತಿ ಕುಡಿದ.
ಸಮುದ್ರಕ್ಕೆ ಎಷ್ಟು ಮೀಟರ್, ಕಾಗದ ಯಾರ ಹೆಸರಲ್ಲಿದೆ, ಕೇಳಿದ.
ನಾನು ಬಾವಿ ತೋರಿಸಿದೆ.
‘ಮುಚ್ಚಿದರೆ ನಾಲ್ಕು ಕಾರು ನಿಲ್ಲುತ್ತವೆ’ ಎಂದ.
ಗಾಂವ್ಕರನ ನಕ್ಷೆ ಬಿಚ್ಚಿದರೆ ಅಲ್ಲೂ
ಬಾವಿಗೆ ತಾಗಿಯೇ ಸೆಪ್ಟಿಕ್ ಟ್ಯಾಂಕ್,
ಸ್ಕೇಲು ಇಟ್ಟು ಎಳೆದ ಚಂದದ ಚೌಕ.

ಉಪ್ಪುನೀರು ತೊಟ್ಟಿಗೆ, ಡಬ್ಬಿಯೊಳಗೆ ಸಿಹಿನೀರೇ ಬೇಕು.
ಅದಕ್ಕೆಂದೇ ಅಪ್ಪ ಈ ಜಾಗ ಹಿಡಿದದ್ದು:
ಕಲ್ಲೊಗೆದರೆ ಅಲೆಗೆ ಬೀಳುತ್ತದೆ, ಆದರೂ ಸಿಹಿ.
ಏಪ್ರಿಲ್‌ನಲ್ಲಿ ಕೇರಿಯ ಬಾವಿಗಳಿಗೆ ಉಪ್ಪೇರಿದಾಗ
ಹಿಂಬಾಗಿಲಿನಿಂದ ಕೊಡಗಳು ಬರುತ್ತವೆ.
ಯಾರೂ ಕೇಳಿ ಬರುವುದಿಲ್ಲ.
ಕೊಟ್ಟೆವೆಂದು ನಾವೂ ಎಲ್ಲೂ ಬರೆದಿಟ್ಟಿಲ್ಲ.
ಉತಾರದಲ್ಲಿ ಬಾವಿ ಇದೆ,
ಹಗ್ಗ ಇಲ್ಲ.

ವೈನಿಗೆ ಹೇಳಿದೆ: ಎಂಟು ಬೇಡ, ಐದು ಮನೆ.
ಟ್ಯಾಂಕ್ ರಸ್ತೆಯ ಕಡೆಗೆ. ಹಿಂಬಾಗಿಲು ಇದ್ದ ಹಾಗೇ.
ಅವಳು ಬಲಗಡೆಯ ಮೊತ್ತ ಹೊಡೆದುಹಾಕಿ
ಮತ್ತೆ ಕೂಡಿಸಿದಳು. ಸಾಲ ತೀರಲಿಕ್ಕೆ ಹನ್ನೊಂದು ವರ್ಷ.
‘ನನಗಾಗ ಎಪ್ಪತ್ತು, ನಿನಗೆ ಎಪ್ಪತ್ಮೂರು.
ನಿನ್ನಣ್ಣ ಇದ್ದಿದ್ದರೆ ಮಾರಿಯೇಬಿಡುತ್ತಿದ್ದರು.’
ಹೌದು. ಮಾರಿ, ಬೋಟು ಕೊಂಡು, ಅದನ್ನೂ ಮುಳುಗಿಸಿ,
ಒದ್ದೆ ಬಟ್ಟೆಯಲ್ಲೇ ಊಟಕ್ಕೆ ಕೂರುತ್ತಿದ್ದ.
ಇಬ್ಬರೂ ನಕ್ಕೆವು.
ನಗು ಮುಗಿದ ಮೇಲೂ ಅವಳು ಹೂಂ ಅನ್ನಲಿಲ್ಲ.

ಹಾಳೆ ಮಡಚಿ ಪರ್ಸಿಗೆ ಹಾಕಿಕೊಂಡಳು.
ಹೊರಟವಳು ಬಾವಿಕಟ್ಟೆಯ ಹತ್ತಿರ ನಿಂತು
ರಾಟೆಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದಳು.
ಕಿರ್ರೆಂದಿತು.
‘ಇದಕ್ಕೆ ಎಣ್ಣೆ ಹಾಕುವವರು ಯಾರು, ಬಾಡಿಗೆಯವರೋ?’
ಜಗಳಕ್ಕೆ ಕೇಳಿದಳೋ ಒಪ್ಪಿ ಕೇಳಿದಳೋ.
ಇಬ್ಬರ ಸೀರೆಯ ಅಂಚಿಗೂ
ಉಮಿ ಅಂಟಿಕೊಂಡಿತ್ತು.