ಗಿರಣಿ ಜಗದೇವಿಯ ಹೇಳಿಕೆ

ಕೂಡ್ರಿ ಸಾಹೇಬ್ರ. ಹಿಟ್ಟು ಹಾರ್ತದ, ಟೊಪ್ಪಿಗಿ ತೆಗದಿಟ್ಟು ಕೂಡ್ರಿ.
ನಿಮಗಿಂತ ಮೊದಲು ಮೂರು ಮಂದಿ
ಇದೇ ಸ್ಟೂಲಿನ ಮ್ಯಾಲ ಕುಂತು ಕೇಳಿ ಹೋಗ್ಯಾರ.
ಬರಕೊಳ್ರಿ ಹಂಗಾದ್ರ:
ಆ ಮನಿ ಲಗ್ನ ಖರೇ ಅದ.

ಹ್ಯಾಂಗ ಗೊತ್ತಂತೀರಿ?
ಮೊದಲು ಅಂವ ಒಬ್ಬನೇ, ಅಂಬರಾಯ,
ಹದಿನೈದು ದಿನಕ್ಕೊಮ್ಮೆ ಸಣ್ಣ ಡಬ್ಬಿ ಜ್ವಾಳ.
ಅಕಿ ಬಂದ ಮ್ಯಾಲ ಗೋಧಿ ಸುರು ಆಯ್ತು.
ಬರಬರ್ತ ಗೋಧಿ ಇಳದು ಜ್ವಾಳ ಏರಿತು.
ಈಗ ಅಕಿನೇ ಹಿಟ್ಟು ಬೆರಳಾಗ ತಿಕ್ಕಿ ನೋಡಿ
‘ದಪ್ಪ ಆತು ಅಕ್ಕಾ, ರೊಟ್ಟಿ ಹರೀತದ’ ಅಂತಾಳ.
ನಿಮ್ಮ ಫೈಲಿನಾಗ ಇದಕ್ಕೊಂದು ಖಾನೆ ಇಲ್ಲೇನು?

ಸೇಡಮ್ಮಿಗಿ ಬಂದದ್ದು ಸಿಮೆಂಟಿನ ಭಟ್ಟಿ ಹಚ್ಚಲಾಕ.
ಊರು ಟರ್ಕಿ ಅಂದ್ರು. ಟರ್ಕಿ ಅಂದ್ರ
ಟವೆಲ್ಲು ಅಂತ ಇಷ್ಟು ದಿನ ತಿಳಕೊಂಡಿದ್ದೆ ನಾನು.
ವರ್ಷದ ಕಾಗದ ಇತ್ತು ಕೈಯಾಗ,
ಕೆಲಸ ಮುಗದ್ರ ಹೊಳ್ಳಿ ಹೋಗು ಅನ್ನೋ ಕಾಗದ.
ಭಟ್ಟಿ ಹತ್ತಿತು. ಅಕಿ ಹೋಗಲಿಲ್ಲ.
ಕಾಟಾದ ಮ್ಯಾಲ ಲಾರಿ ತೂಗೋ ಅಂಬರಾಯ
ಯಾವ ಚೀಟಿ ಬರಕೊಟ್ಟನೋ ಅವನಿಗೇ ಗೊತ್ತು.

ಜಗಳಾ? ಆಗ್ತಾವ.
ಖೊಟ್ಟಿ ಲಗ್ನ ಮಾಡಕೊಂಡವರು ಯಾಕ ಜಗಳಾಡ್ತಾರ,
ಫೋಟೋಕ್ಕ ನಕ್ಕೋತ ನಿಂತ್ರ ಆಯ್ತಲ್ಲ.
ಇವರು ಮೇ ತಿಂಗಳ ಬಿಸಿಲಾಗ
ಕೂಲರಿಗೆ ನೀರು ಯಾರು ಹಾಕಬೇಕಂತ
ಎರಡು ಭಾಷಾದಾಗ ಬೈದಾಡಿ,
ಅಕಿ ಬಂದು ಈ ಫರಸಿ ಕಟ್ಟಿ ಮ್ಯಾಲ ಕುಂತಳು.
ತವರು ಸಮುದ್ರದಾಚಿ; ನನ್ನ ಗಿರಣಿ ಹತ್ತು ಹೆಜ್ಜಿ.
ಅರ್ಧ ತಾಸಿಗೆ ಅಂವ ಬಂದ, ಕೈಯಾಗ ಖಾಲಿ ಕೊಡ.
ಮಾತಿಲ್ಲ. ಕೊಡ ತೋರಿಸಿದ.
ಎದ್ದು ಹೋದಳು.

ಏಳು ವರ್ಷ ಆಯ್ತು ಸಾಹೇಬ್ರ.
ವರ್ಷ ವರ್ಷ ಕಲಬುರ್ಗಿ ಬಸ್ಸು, ಝೆರಾಕ್ಸು, ಮುದ್ರಿ,
‘ನಾಳಿ ಬರ್ರಿ’.

ಮೊನ್ನೆ ಸಂಜೀಕ ಒಂದು ಕೆಂಪು ಪುಸ್ತಕ ತಂದಳು, ಅಕಿ ದೇಶದ್ದು.
ಇದನ್ನ ಬಿಟ್ಟು ಕೊಟ್ರನೇ ಇಲ್ಲೀದು ಕೊಡ್ತಾರಂತ.
ಅಂದು, ನನ್ನ ತಕ್ಕಡಿ ಮ್ಯಾಲ ಇಟ್ಟಳು.
ಮುಳ್ಳು ಅಳ್ಳಾಡಲಿಲ್ಲ.
‘ಇದು ಚೀಲ ತೂಗೋ ತಕ್ಕಡಿ ತಂಗೀ,
ಇಷ್ಟು ಹಗುರಾದ್ದು ಇದಕ್ಕ ತಿಳಿಯಂಗಿಲ್ಲ’ ಅಂದೆ.
ತುಸು ಹೊತ್ತು ಹಂಗೇ ಬಿಟ್ಟಿದ್ದಳು ಅದನ್ನ,
ಮುಳ್ಳಿಗೆ ಇನ್ನೊಂದು ಅವಕಾಶ ಕೊಟ್ಟಂಗ.

ನಾನೂ ಬಂದಾಕಿನೇ. ಔರಾದದಿಂದ,
ಹದಿನಾರಕ್ಕ, ಎತ್ತಿನ ಗಾಡಿಯಾಗ.
ತವರಿನ ಹೆಸರು ಗಂಗೂಬಾಯಿ.
ಅಕ್ಕಿಯಾಗ ಬೆರಳಾಡಿಸಿ ಜಗದೇವಿ ಅಂತ ಬರದ್ರು.
ಗಂಗೂಬಾಯಿ ಎಲ್ಲಿ ಅಂತ
ಯಾವ ಪೊಲೀಸೂ ಕೇಳಲಾಕ ಬರಲಿಲ್ಲ.

ಅದಕ್ಕೇ ಹೇಳ್ತೀನಿ, ಅಕಿ ಹೆಸರು ಸುದ್ದ ಬರೀರಿ.
ಏಲಕ್ಕಿ ಅಂತ ನೀವು ಬರದದ್ದು ಹೊಡದು ಹಾಕ್ರಿ.
ಅದು ನಮ್ಮ ಓಣಿ ಹೆಸರು, ನಾವು ಇಟ್ಟದ್ದು,
ಸರ್ಕಾರಕ್ಕ ಕೊಡಂಗಿಲ್ಲ.
ಇಲ್ಕಾಯ್.
ಅಮಾಸಿ ಆದ ಮ್ಯಾಲ ಮೊದಲು ಕಾಣೋ ಚಂದ್ರ ಅಂತ ಅರ್ಥ.

ಸಹಿ ಎಲ್ಲಿ ಮಾಡ್ಲಿ?
ತಡೀರಿ, ಕೈ ತುಂಬ ಹಿಟ್ಟದ.
ಇಲ್ಲಾ, ಹಿಂಗೇ ನಡೀತದೇನು?